ಹುಲಿಗೆವ್ವನಿಗಿದ್ದ ಹೇಳಿಕೆ

ನಿಗಡಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿದೆ, ನಳ ಒಳಗೇ ಇದೆ, ತಲೆಯ ಮೇಲೆ ಸ್ಲ್ಯಾಬು ಇದೆ ಎಂದು ಮನೋಹರ ಹೇಳುತ್ತಿದ್ದಾಗ ಶರಣಮ್ಮ ಹಂಚಿನ ಮೇಲಿದ್ದ ರೊಟ್ಟಿಯನ್ನು ಮರೆತು ಗಂಡನ ಬಾಯಿಯನ್ನೇ ನೋಡುತ್ತಿದ್ದಳು. ಅವನ ಮಾತು ಮುಗಿಯುವ ಮೊದಲೇ, ಮೂಲೆಯಲ್ಲಿ ಪುಂಡಿಸೊಪ್ಪು ಸೋಸುತ್ತಿದ್ದ ಅತ್ತೆ ಹುಲಿಗೆವ್ವ ತಲೆ ಕೂಡ ಎತ್ತದೆ, "ನೀವು ಹೋಗ್ರಿ. ನಾ ಬರೂದಿಲ್ಲ," ಎಂದುಬಿಟ್ಟಳು. ರೊಟ್ಟಿ ಸೀದ ವಾಸನೆ ಖೋಲಿಯೆಲ್ಲ ತುಂಬಿತು.

ಪುಣೆಯ ಧನಕವಡಿಯ ಆ ತಗಡಿನ ಖೋಲಿಯಲ್ಲಿ ಬಿಟ್ಟು ಹೋಗಲಾರದಂಥದ್ದು ಏನಿತ್ತು? ಮಳೆ ಬಂದರೆ ಮೂಲೆ ಮೂಲೆಗೆ ಬೋಗುಣಿ ಇಡಬೇಕು. ನೀರಿಗೆ ಓಣಿಯ ತುದಿಯ ನಳಕ್ಕೆ ಹೋಗಿ, ಮರಾಠಿ ಹೆಂಗಸರ ಜೊತೆ ಮರಾಠಿಯಲ್ಲೇ ಜಗಳಾಡಿ ಕೊಡ ತುಂಬಿಸಬೇಕು. ಮಾವ ಅಂಬಣ್ಣ ಲಿಂಗಸೂಗೂರ ಕಡೆಯಿಂದ ಬಂದು, ಮೊಣಕಾಲು ಹೋಗುವತನಕ ಸೆಂಟ್ರಿಂಗ್ ಕೆಲಸ ಮಾಡಿದವನು. ಧನಕವಡಿಯ ಎಷ್ಟೋ ಕಟ್ಟಡಗಳಿಗೆ ಹಲಗೆ ಹೊಡೆದು ಸ್ಲ್ಯಾಬು ಹಾಕಿಸಿದವನ ಸ್ವಂತ ತಲೆಯ ಮೇಲೆ ಮಾತ್ರ ತಗಡೇ ಉಳಿದಿತ್ತು. ಈಗ ಮಗನಿಗೆ ಆಕುರ್ಡಿಯ ಕಾರ್ಖಾನೆಯಲ್ಲಿ ಕೆಲಸ ಕಾಯಂ ಆಗಿ, ಹತ್ತಿರದಲ್ಲೇ ಒಳ್ಳೆಯ ಮನೆ ಸಿಕ್ಕಿದೆ. ಬೇಡವೆನ್ನಲು ಹುಚ್ಚು ಹಿಡಿದಿರಬೇಕು ಎಂದು ಶರಣಮ್ಮ ಮನಸ್ಸಿನಲ್ಲೇ ಬೈದುಕೊಂಡಳು.

ಅತ್ತೆಯ ಹುಚ್ಚು ಯಾವುದೆಂದು ಮನೆಯವರಿಗೆಲ್ಲ ಗೊತ್ತಿತ್ತು. ಹಿರಿಯ ಮಗ ಅಂಬಾರಾಯ ಹನ್ನೆರಡು ವರ್ಷದ ಹಿಂದೆ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಮನೆ ಬಿಟ್ಟು ಹೋಗಿದ್ದ. ಕೆಲಸಕ್ಕೆ ಹೋಗುವುದಿಲ್ಲವೆಂದ, ಅಪ್ಪ ಹೊಡೆದ, ಮಗ ಹೋದ. ಮದುವೆಯಾಗಿ ಬಂದ ಶರಣಮ್ಮನಿಗೆ ಗೊತ್ತಿದ್ದದ್ದು ಇಷ್ಟೇ. ಅವನು ಹೋದ ವರ್ಷ ಹುಲಿಗೆವ್ವ ಊರ ಕಡೆ ಹೋಗಿ, ಹುಲಿಗಿಯ ದೇವಿಯ ಮುಂದೆ ಹಣೆ ಚಚ್ಚಿಕೊಂಡು ಅತ್ತಿದ್ದಳು. ಅಲ್ಲಿ ಒಬ್ಬ ಮುದಿ ಜೋಗಮ್ಮನ ಮೈಮೇಲೆ ದೇವಿ ಬಂದು ಮಾತಾಡಿತು. ಅಂಥ ಮಾತಿಗೆ ಅವರ ಕಡೆ ಹೇಳಿಕೆ ಎನ್ನುತ್ತಾರೆ. ನಿನ್ನ ಮಗ ತಾನಾಗಿ ನಿನ್ನ ಬಾಗಿಲಿಗೆ ಬರುತ್ತಾನೆ, ಬಂದಾಗ ನೀನೇ ಅವನ ಕಾಲಿಗೆ ಬೀಳುತ್ತೀ, ನಿನ್ನ ಕೈಯಿಂದಲೇ ಅವನು ಉಣ್ಣುತ್ತಾನೆ. ಹೇಳಿಕೆ ಇಷ್ಟೇ.

ತಾಯಿಯಾದವಳು ಮಗನ ಕಾಲಿಗೆ ಬೀಳುವುದೆಂದರೆ ಮಗ ಸಾಮಾನ್ಯನಾಗಿ ಬರುತ್ತಾನೆಯೇ? ದೊಡ್ಡ ಸಾಹೇಬನಾಗಿಯೇ ಬರಬೇಕು. ಹುಲಿಗೆವ್ವ ಹಾಗೆಂದು ಗಟ್ಟಿ ಮಾಡಿಕೊಂಡಿದ್ದಳು. ಓಣಿಯಲ್ಲಿ ಮೋಟರ್‌ಸೈಕಲ್ಲು ನಿಂತ ಸಪ್ಪಳವಾದರೆ ಸಾಕು, ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಬಾಗಿಲಿಗೆ ಓಡುವಳು. ಬಂದವನು ಕೇಬಲ್ಲಿನವನೋ ಫೈನಾನ್ಸಿನವನೋ ಆಗಿರುತ್ತಿದ್ದ.

"ಯವ್ವಾ, ಹನ್ನೆರಡು ವರ್ಷ ಆತು. ಬರಾವ ಇದ್ರ ಇಷ್ಟೊತ್ತಿಗೆ ಬರ್ತಿರಲಿಲ್ಲೇನು?" ಎಂದ ಮನೋಹರ.

"ಹೇಳಿಕಿ ಆಗ್ಯದ, ಬರ್ತಾನ. ಅವನಿಗೆ ಗೊತ್ತಿರೂದು ಇದೊಂದ ಬಾಗಲಾ. ಬಂದಾಗ ಇಲ್ಲಿ ಬ್ಯಾರೆ ಮಂದಿ ನಿಂತಿದ್ರ ನನ್ನ ಮಗ ಎಲ್ಲಿಗೆ ಹೋಗಬೇಕು?"

ಮನೋಹರ ಅವ್ವನ ಕಡೆಗೊಮ್ಮೆ ಹೆಂಡತಿಯ ಕಡೆಗೊಮ್ಮೆ ನೋಡಿ, ಸೀದ ರೊಟ್ಟಿಯನ್ನೇ ಮುರಿದು ಉಂಡು ಎದ್ದ. ನಿಗಡಿಯ ಮನೆ ಮಾಲಕನಿಗೆ ಹೇಳಿ ಪಂಚಮಿ ಹಬ್ಬ ಮುಗಿಯುವವರೆಗೆ ಗಡುವು ಕೇಳಿಕೊಂಡು ಬಂದ. ಅಷ್ಟರೊಳಗೆ ಅತ್ತೆಯ ಮನಸ್ಸು ತಿರುಗಿಸುವ ಭಾರ ಶರಣಮ್ಮನ ತಲೆಗೆ ಬಿತ್ತು.

ತಮಾಷೆ ಏನೆಂದರೆ, ಹೇಳಿಕೆಯೆಂದರೆ ಶರಣಮ್ಮನಿಗೂ ಅಷ್ಟೇ ಪ್ರಾಣ. ಅವಳು ನಂಬಿದ ಹೇಳಿಕೆ ಬೇರೆಯದು. ಎರಡು ವರ್ಷದ ಹಿಂದೆ ಮಗಳು ತ್ರಿವೇಣಿಗೆ ಜ್ವರ ನೆತ್ತಿಗೇರಿದಾಗ, ಪಕ್ಕದ ಓಣಿಯ ಸಕ್ಕುಬಾಯಿ ಬಂದು ಪಕ್ಕದಲ್ಲೇ ಕೂತು, ಒದ್ದೆ ಬಟ್ಟೆ ಹಿಂಡಿ ಹಿಂಡಿ ಹಾಕುತ್ತ ಯೇಸುವಿನ ಹೆಸರಿನಲ್ಲಿ ಪ್ರಾರ್ಥನೆ ಮಾಡಿದ್ದಳು. ಮಗು ಉಳಿಯಿತು. ಅಂದಿನಿಂದ ಶರಣಮ್ಮ ಭಾನುವಾರ ಮಧ್ಯಾಹ್ನ ಸಕ್ಕುಬಾಯಿಯ ಮನೆಗೆ ಹೋಗತೊಡಗಿದಳು. ಕನ್ನಡ ಮಾತಾಡುವ ಹತ್ತು ಹನ್ನೆರಡು ಜನ ಅಲ್ಲಿ ಚಾಪೆಯ ಮೇಲೆ ಕೂತು ಹಾಡಿ, ಪ್ರಾರ್ಥಿಸಿ, ಪುಸ್ತಕ ಓದಿಸಿ ಕೇಳುತ್ತಿದ್ದರು. ಅವಳನ್ನು ಬೆರಗುಗೊಳಿಸಿದ್ದು ಒಂದೇ ಸಂಗತಿ. ಯೇಸು ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ಪ್ರವಾದಿಗಳು ಎಲ್ಲವನ್ನೂ ಹೇಳಿಟ್ಟಿದ್ದರಂತೆ. ಕನ್ಯೆಯ ಹೊಟ್ಟೆಯಲ್ಲಿ ಹುಟ್ಟುತ್ತಾನೆ, ಲೆಕ್ಕಕ್ಕಿಲ್ಲದ ಒಂದು ಸಣ್ಣ ಊರಲ್ಲಿ ಹುಟ್ಟುತ್ತಾನೆ, ಕತ್ತೆಯ ಮೇಲೆ ಕೂತು ಪಟ್ಟಣಕ್ಕೆ ಬರುತ್ತಾನೆ, ಕೊಯ್ಯಲು ಒಯ್ಯುವ ಕುರಿಯ ಹಾಗೆ ಸುಮ್ಮನಿರುತ್ತಾನೆ, ಅವನ ಬಟ್ಟೆಗೆ ಚೀಟಿ ಹಾಕಿ ಹಂಚಿಕೊಳ್ಳುತ್ತಾರೆ ಎಂದು. ಹೇಳಿದ್ದೆಲ್ಲ ಹೇಳಿದ ಹಾಗೇ ಆಯಿತಲ್ಲ ಎಂದು ನೆನೆದಾಗಲೆಲ್ಲ ಅವಳ ಮೈ ಜುಮ್ಮೆನ್ನುತ್ತಿತ್ತು.

ಅತ್ತೆಗೂ ಸೊಸೆಗೂ ರೊಟ್ಟಿ ಬಡಿಯುವಾಗಲೆಲ್ಲ ಇದೇ ಜಗಳ. ಆ ವರ್ಷ ಸಾವಿರದ ಒಂಬೈನೂರರ ಲೆಕ್ಕ ಮುಗಿದು ಎರಡು ಸಾವಿರ ಬರುವುದಿತ್ತು. ಲೋಕ ಮುಳುಗುತ್ತದೆ ಎಂದು ಓಣಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಹಾಗಾಗಿ ಬರುವವರ, ಹೋಗುವವರ ಮಾತಿಗೆ ಆ ಮನೆಯಲ್ಲಿ ಬರವೇ ಇರಲಿಲ್ಲ.

"ರಾಜ ಅಂತೀ, ಕತ್ತೆ ಮ್ಯಾಲ ಬಂದ ಅಂತೀ, ಮೊಳಿ ಜಡಿಸಿಕೊಂಡು ಸತ್ತ ಅಂತೀ," ಎಂದು ಹುಲಿಗೆವ್ವ ನಗುತ್ತಿದ್ದಳು. "ಅವ ಎಂಥಾ ರಾಜನವ್ವ?"

"ಅದನ್ನೂ ಮೊದಲ ಹೇಳಿದ್ರು ಅತ್ತಿ. ಮಂದಿ ಸಿಂಹಾಸನದ ಮಾತಷ್ಟ ನೆನಪಿಟ್ರು. ಬೈತಾರ, ಹೊಡೀತಾರ, ಬ್ಯಾಡ ಅಂತಾರ ಅನ್ನೂ ಮಾತು ಮರತಬಿಟ್ರು. ಕಾಯ್ಕೊಂತ ಕುಂತಾವ್ರ ಮುಂದನ ಬಂದ, ಅವ್ರಿಗೇ ಗುರ್ತು ಸಿಗಲಿಲ್ಲ. ಎಣ್ಣಿ ಬಂದಾಗ ಕಣ್ಣು ಮುಚ್ಚಿಕೊಂಡ್ರು."

"ಅವ್ರು ಕುರುಡರು. ನನ್ನ ಮಗ ಬಂದ್ರ ಹೆಜ್ಜಿ ಸಪ್ಪಳಕ್ಕ ಗುರ್ತು ಹಿಡೀತೇನಿ ನಾ."

ಅಂಬಣ್ಣ ಇಬ್ಬರ ಕಡೆಗೂ ಇರಲಿಲ್ಲ. ಪುಣೆಗೆ ಬಂದ ಹೊಸದರಲ್ಲೇ ಸಭೆಗಳಲ್ಲಿ ಭಾಷಣ ಕೇಳಿ, ಮನೆಯಲ್ಲಿದ್ದ ದೇವಿಯ ಬುಟ್ಟಿಯನ್ನು ಹೊಳೆಗೆ ಬಿಟ್ಟು, ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕಿದವನು ಅವನು. ನಮ್ಮ ಕೇರಿಯ ಮಕ್ಕಳನ್ನು ದೇವಿಗೆ ಬಿಟ್ಟದ್ದು ಸಾಕು ಎನ್ನುತ್ತಿದ್ದ. ಓದಿರೆಂದು ಹೇಳಿ ಹೋದವರ ಮಾತನ್ನು ಬಿಟ್ಟು ಉಳಿದವರದ್ದನ್ನೆಲ್ಲ ಕೇಳುತ್ತೀರಿ ಎಂದು ಅತ್ತೆ ಸೊಸೆ ಇಬ್ಬರಿಗೂ ಸೇರಿಸಿ ಬೈದು, ತಂಬಾಕು ತಿಕ್ಕುತ್ತ ಹೊರಗೆ ಹೋಗಿಬಿಡುತ್ತಿದ್ದ.

ಆಷಾಢದ ಒಂದು ಮಂಗಳವಾರ ಮಧ್ಯಾಹ್ನ ಓಣಿಯಲ್ಲಿ ಚೌಡಿಕೆಯ ದನಿ ಕೇಳಿತು. ದೇವಿಯ ಜೋಗಪ್ಪ ಬಂದಿದ್ದರು. ಗಂಡಾಗಿ ಹುಟ್ಟಿ, ದೇವಿಯ ಕರೆ ಬಂತೆಂದು ಸೀರೆ ಉಟ್ಟು, ಬುಟ್ಟಿಯಲ್ಲಿ ದೇವಿಯನ್ನು ಹೊತ್ತು ಮನೆಮನೆಗೆ ಹೋಗುವವರು ಅವರು. ಎತ್ತರದ ಆಳು, ಹಸಿರು ಇಳಕಲ್ ಸೀರೆ, ಮೊಣಕೈವರೆಗೆ ಬಳೆ, ಮುಖದ ತುಂಬ ಅರಿಶಿನದ ಭಂಡಾರ. ಹಿಂದೆ ಚೌಡಿಕೆ ಬಾರಿಸುವ ಒಬ್ಬ ಮುದುಕಿ. ನಾಲ್ಕಾರು ಬಾಗಿಲು ಬಿಟ್ಟು ಇವರ ಬಾಗಿಲಿಗೇ ಬಂದು ನಿಂತರು.

ಹುಲಿಗೆವ್ವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಮೊರದಲ್ಲಿ ಜೋಳ ತಂದು ಸುರಿದು, ಕಣ್ಣು ಕೆಳಗೆ ಮಾಡಿ, ಕೆಸರೆನ್ನದೆ ಅವರ ಕಾಲಿಗೆ ಉದ್ದಕ್ಕೆ ಬಿದ್ದಳು. ದೇವಿ ಹೊತ್ತವರ ಮುಖ ನೋಡಬಾರದು, ಪಾದ ನೋಡಬೇಕು ಎನ್ನುವುದು ಅವರಲ್ಲಿ ರೂಢಿ. ಜೋಗಪ್ಪ ಚಿಟಿಕೆ ತೆಗೆದು ಉದುರಿಸಿದರು. ಭಂಡಾರ ಅವಳ ಹಣೆಗೂ ಬಿತ್ತು, ನೆಲಕ್ಕೂ ಬಿತ್ತು.

"ಹೊಟ್ಟಿ ಹಸದದ. ಒಂದು ತುತ್ತು ರೊಟ್ಟಿ, ಒಂದೀಟು ನೀರು ಕೊಡ್ರಿ ಯವ್ವಾ," ಎಂದರು ಸಣ್ಣ ದನಿಯಲ್ಲಿ.

ಅವರು ಹೀಗೆ ಉಣ್ಣಲು ಕೇಳುವುದು ಅಪರೂಪ. ಭಾಗ್ಯವೇ ಬಂತೆಂದು ಹುಲಿಗೆವ್ವ ಒಳಗೆ ಕೂಗಿ ಸೊಸೆಗೆ ರೊಟ್ಟಿ, ಪಲ್ಯ, ನೀರು ತರಲು ಹೇಳಿದಳು. ಒಲೆಯ ಮುಂದಿದ್ದ ಶರಣಮ್ಮ ಏಳಲಿಲ್ಲ. ಬುಟ್ಟಿಯ ದೇವರಿಗೆ ನಡೆದುಕೊಳ್ಳುವವರಿಗೆ ತಾನು ಕೊಡುವುದಿಲ್ಲ, ತನ್ನ ನಂಬಿಕೆಗೆ ಅದು ಸಲ್ಲುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಅತ್ತೆ ತಾನೇ ಬಂದು ತಟ್ಟೆ ತುಂಬಿಕೊಂಡು ಹೋದಳು. ತಂಬಿಗೆ ಮಾತ್ರ ಶರಣಮ್ಮನ ಬೆನ್ನ ಹಿಂದಿತ್ತು. ಅವಳು ಸರಿಯಲಿಲ್ಲ, ಅತ್ತೆ ಕೇಳಲಿಲ್ಲ. ಜೋಗಪ್ಪ ಹೊಸ್ತಿಲ ಮೇಲೆ ಕೂತು, ಹುಲಿಗೆವ್ವ ಮುರಿದು ಕೊಟ್ಟ ಎರಡು ರೊಟ್ಟಿಯನ್ನು ನಿಧಾನವಾಗಿ ಉಂಡು, ಒಳಗೆಲ್ಲ ಒಮ್ಮೆ ನೋಡಿದರು. ಆ ನೋಟ ಶರಣಮ್ಮನಿಗೆ ಸೇರಲಿಲ್ಲ.

"ಉಂಡಾತಲ್ಲ, ಇನ್ನ ನಡೀರಿ," ಎಂದು ಎದ್ದು ಬಂದು ಅರ್ಧ ಬಾಗಿಲು ಎಳೆದಳು.

ಅವರು ಬುಟ್ಟಿ ಎತ್ತಿಕೊಂಡು ಹೋದರು. ಒಳಗೆ ಮಲಗಿದ್ದ ಅಂಬಣ್ಣ ಅವರ ಹಿಂದೆಯೇ ಚಪ್ಪಲಿ ಮೆಟ್ಟಿಕೊಂಡು ಹೊರಟ. ತಂಬಾಕಿಗೆ ಹೋಗಿದ್ದಾನೆ ಎಂದುಕೊಂಡರು. ಕತ್ತಲಾದ ಮೇಲೆ ಬಂದು, ಉಣ್ಣದೆ ಮಲಗಿದ.

ಅಂದಿನಿಂದ ಹುಲಿಗೆವ್ವ ಸೊಸೆಯ ಕೈಯಿಂದ ತುತ್ತು ಮುಟ್ಟಲಿಲ್ಲ. ಬೇರೆ ಹಂಚು ಇಟ್ಟು, ತನಗೂ ಗಂಡನಿಗೂ ತಾನೇ ಬಡಿದುಕೊಂಡಳು. ಒಂದು ಖೋಲಿಯಲ್ಲಿ ಎರಡು ಒಲೆ ಉರಿಯುವುದನ್ನು ಓಣಿಯೆಲ್ಲ ಬಂದು ನೋಡಿ ಹೋಯಿತು. ಮನೋಹರ ಡ್ಯೂಟಿಯಿಂದ ಬಂದವನು ಯಾವ ಒಲೆಯ ಮುಂದೆ ಕೂರಬೇಕೆಂದು ತಿಳಿಯದೆ, ಓಣಿ ತುದಿಯ ಮೋಹನದಾಸನ ಗಾಡಿಯಲ್ಲಿ ವಡಾಪಾವ್ ತಿಂದು ಬರತೊಡಗಿದ. ಮನೆ ಬಾಗಿಲಿಗೆ ಬಂದವರಿಗೆ ನೀರು ಕೊಟ್ಟರೆ ನಿನ್ನ ದೇವರ ಗಂಟೇನು ಹೋಗುತ್ತಿತ್ತು ಎಂದು ಹೆಂಡತಿಯನ್ನು ಒಮ್ಮೆ ಕೇಳಿದ. ನಿಮ್ಮ ಅವ್ವನ ಜೋಳ ಹೋದದ್ದು ನಿಮಗೆ ಕಾಣುವುದಿಲ್ಲ ಎಂದು ಅವಳು ತಿರುಗಿ ಹೇಳಿದಳು.

ಮುಂದಿನ ಭಾನುವಾರ ಶರಣಮ್ಮ ಸಕ್ಕುಬಾಯಿಯ ಮನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದಳು. ದೇವರು ತಮಗೆ ಮಾಡಿದ ಉಪಕಾರವನ್ನೋ ತಾವು ನಂಬಿಕೆಯಲ್ಲಿ ನಿಂತದ್ದನ್ನೋ ಎಲ್ಲರ ಮುಂದೆ ಹೇಳುವುದು ಅಲ್ಲಿನ ಪದ್ಧತಿ. ತಾನು ವಿಗ್ರಹದ ಬುಟ್ಟಿಗೆ ತಲೆಬಾಗದೆ, ಅನ್ನ ನೀರು ಕೊಡದೆ ಕಳಿಸಿದ್ದನ್ನು ಅವಳು ಚೆನ್ನಾಗಿಯೇ ಹೇಳಿದಳು. ಕೂತವರು ಸ್ತೋತ್ರ, ಸ್ತೋತ್ರ ಎಂದರು. ಅವಳಿಗೆ ಹೆಮ್ಮೆಯಿಂದ ಎದೆ ಉಬ್ಬಿತು. ಎಲ್ಲರೂ ಹೋದ ಮೇಲೆ ಚಾಪೆ ಸುತ್ತುತ್ತಿದ್ದ ಸಕ್ಕುಬಾಯಿ, "ಬಾಯಾರಿದಾವ್ರಿಗೆ ನೀರು ಸೈತ ಕೊಡಲಿಲ್ಲೇನವ್ವ?" ಎಂದು ಕೇಳಿದಳು. ಶರಣಮ್ಮನಿಗೆ ಸಿಟ್ಟು ಬಂತು. ಇವಳೇ ಕಲಿಸಿದವಳು, ಇವಳೇ ಹೀಗೆ ಕೇಳುತ್ತಾಳಲ್ಲ ಎಂದು ಮುಖ ಊದಿಸಿಕೊಂಡು ಮನೆಗೆ ಬಂದಳು.

ಪಂಚಮಿ ಬಂತು, ಎಳ್ಳುಂಡೆ ಶೇಂಗಾದುಂಡೆ ಎರಡು ಒಲೆಯ ಮೇಲೂ ಬೇರೆ ಬೇರೆ ಆದವು. ಹಬ್ಬದ ಮರುದಿನ ಬೆಳಿಗ್ಗೆ ಟೆಂಪೋ ಹೇಳಿಯಾಗಿತ್ತು. ಶರಣಮ್ಮ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಹುಲಿಗೆವ್ವ ಹೊಸ್ತಿಲ ಮೇಲೆ ಕಂಬವಾಗಿ ಕೂತಿದ್ದಳು. ಮನೋಹರ ಕಾಲು ಹಿಡಿಯುವುದೊಂದು ಬಾಕಿ, ಎಲ್ಲ ವಿಧದಲ್ಲೂ ಕೇಳಿದ. ಅವಳು ಜಪ್ಪಯ್ಯ ಎನ್ನಲಿಲ್ಲ. ನನ್ನನ್ನು ಇಲ್ಲೇ ಬಿಟ್ಟು ಹೋಗಿ, ಮಗ ಬಂದ ಮೇಲೆ ಅವನ ಜೊತೆ ಬರುತ್ತೇನೆ ಎಂದಳು. ಗಂಟು ಬಿಗಿಯುತ್ತಿದ್ದ ಶರಣಮ್ಮನಿಗೆ ತಡೆಯಲಾಗಲಿಲ್ಲ.

"ಆ ಹೇಳಿಕಿ ಸುಳ್ಳು ಅತ್ತಿ. ಹನ್ನೆರಡು ವರ್ಷ ಕಾದ್ರಿ, ಯಾರು ಬಂದ್ರು? ನಮ್ಮ ಪ್ರವಾದಿಗೋಳು ಹೇಳಿದ್ದು ನಡೀತು. ನಿಮ್ಮ ಜೋಗಮ್ಮ ಹೇಳಿದ್ದು ನಡೀಲಿಲ್ಲ."

"ಸುಳ್ಳಲ್ಲ," ಎಂದ ಅಂಬಣ್ಣ. ಅವನು ಗೋಡೆಗೆ ಒರಗಿ ಕೂತಿದ್ದ. "ಅವ ಬಂದಿದ್ದ."

ಖೋಲಿಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಯಾರು, ಯಾವಾಗ ಎಂದು ಮನೋಹರ ಕೇಳಿದ.

"ಅಂಬಾರಾಯ. ಆಷಾಢದಾಗ, ಮಂಗಳವಾರ. ಹಸರ ಸೀರಿ ಉಟ್ಟಿದ್ದ, ತಲಿಮ್ಯಾಲ ಬುಟ್ಟಿ ಇತ್ತು." ಅವನು ಹೆಂಡತಿಯ ಕಡೆ ತಿರುಗಿದ. "ನೀ ಅವನ ಕಾಲಿಗೆ ಬಿದ್ದಿ. ನಿನ್ನ ಕೈಲೇ ಉಂಡ."

ಶರಣಮ್ಮನ ಕೈಯಿಂದ ಗಂಟಿನ ತುದಿ ಜಾರಿತು. ಪಾತ್ರೆಗಳು ಉರುಳಿ ತ್ರಿವೇಣಿ ಬೆಚ್ಚಿ ಅಳತೊಡಗಿದಳು. ಮಗುವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಎಲ್ಲರೂ ಗರ ಬಡಿದವರಂತೆ ಮುದುಕನನ್ನೇ ನೋಡುತ್ತಿದ್ದರು.

ಅಂಬಣ್ಣ ನಿಲ್ಲಿಸದೆ ಹೇಳಿದ, ನಿಲ್ಲಿಸಿದರೆ ಮತ್ತೆ ಹೇಳಲಾರೆನೆಂಬ ಹಾಗೆ. ಹುಡುಗನ ಕೂದಲು ತಾನಾಗಿ ಜಡೆಗಟ್ಟಿತ್ತು. ದೇವಿ ಕರೆಯುತ್ತಿದ್ದಾಳೆ, ನನಗೆ ಸೀರೆ ಉಡಿಸು ಅಪ್ಪ ಎಂದು ಅವನು ಕೇಳಿದ್ದ. ಕೆಲಸಕ್ಕೆ ಹೋಗದ್ದಕ್ಕೆ ಹೊಡೆದೆ ಎಂದದ್ದೆಲ್ಲ ಸುಳ್ಳು. ಯಾವ ಬುಟ್ಟಿಯನ್ನು ಹೊಳೆಗೆ ಬಿಟ್ಟಿದ್ದೆನೋ ಅದು ನನ್ನ ಮಗನ ತಲೆಯ ಮೇಲೆ ಬಂದು ಕೂರುವುದೇ ಎಂದು ಸಿಟ್ಟು ತಡೆಯಲಾರದೆ, ಹೆಂಡತಿ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಹುಡುಗನನ್ನು ಕೆಡವಿ ಕುಡುಗೋಲಿನಿಂದ ಜಡೆ ಕೊಯ್ದಿದ್ದ. ಕಿವಿಯ ಹಿಂದೆ ಗಾಯವಾಗಿತ್ತು. ಆ ಕಲೆಯನ್ನೇ ಅಂದು ಒಳಗೆ ಮಲಗಿದ್ದವನು ಕಂಡಿದ್ದ.

"ಹಿಂದ ಹೋದೆ. ಓಣಿ ತಿರುವಿನಾಗ ನಿಂತ. ಅಪ್ಪಾ, ನೀ ಕರದ್ರ ಒಳಗ ಬರ್ತೇನಿ ಅಂದ. ಮಂದಿ ನೋಡಾಕತ್ತಿದ್ರು. ನಾ ಕರೀಲಿಲ್ಲ."

ಆಮೇಲಿನ ಪ್ರತಿ ಮಂಗಳವಾರ ಕಾತ್ರಜ್ ಬಸ್ ಸ್ಟ್ಯಾಂಡಿಗೆ ಹೋಗಿ ಕೂತು ನೋಡಿದೆ, ಮತ್ತೆ ಸಿಗಲಿಲ್ಲ ಎಂದ. ಮನೋಹರ ನೆಲದ ಮೇಲೆ ಕೂತ. ಅಣ್ಣ ಸೀರೆ ಉಟ್ಟು ಬಂದಿದ್ದನೇ ಎಂದು ತನ್ನಷ್ಟಕ್ಕೆ ಎರಡು ಸಲ ಕೇಳಿಕೊಂಡ.

ಶರಣಮ್ಮನಿಗೆ ಆ ಮಂಗಳವಾರ ನೆನಪಾಯಿತು. ಅವರ ಮುಖವನ್ನು ಮನೆಯಲ್ಲಿ ನೆಟ್ಟಗೆ ನೋಡಿದವಳು ತಾನೊಬ್ಬಳೇ. ಗಂಡನ ಮೂಗು, ಗಂಡನ ಗದ್ದ ಅಲ್ಲಿತ್ತು, ಈಗ ನೆನೆದರೆ ಅಲ್ಲೇ ಇತ್ತು. ಕಾದು ಕೂತವರೇ ಗುರುತು ಹಿಡಿಯಲಿಲ್ಲ ಎಂದು ಅತ್ತೆಗೆ ದಿನವೂ ಬುದ್ಧಿ ಹೇಳಿದವಳು, ಮನೆಯ ಹಿರಿಯ ಮಗನಿಗೆ ನಡೀರಿ ಎಂದು ಬಾಗಿಲು ಎಳೆದಿದ್ದಳು. ಎಳೆದದ್ದು ಸಾಲದೆಂದು ಹತ್ತು ಜನರ ಮುಂದೆ ನಿಂತು ಹೇಳಿ ಮೆಚ್ಚಿಸಿಕೊಂಡೂ ಬಂದಿದ್ದಳು.

ಎಲ್ಲರೂ ಹೆದರಿದ್ದು ಹುಲಿಗೆವ್ವನಿಗೆ. ಎದೆ ಬಡಿದುಕೊಳ್ಳುತ್ತಾಳೆ, ಗಂಡನ ಮೇಲೆ ಬೀಳುತ್ತಾಳೆ ಎಂದುಕೊಂಡಿದ್ದರು. ಅವಳು ಅಳಲೂ ಇಲ್ಲ.

"ಸೀರಿ ಚಲೋ ಇತ್ತು. ಸೆರಗು ಭಾಳ ಚಂದ ಇತ್ತು," ಎಂದಳು ಮೆಲ್ಲಗೆ. "ಎರಡು ರೊಟ್ಟಿ ಉಂಡ. ಇನ್ನೊಂದು ಬೇಕೇನು ಅಂತ ಕೇಳಲಿಲ್ಲ ನಾ."

ಮೊಣಕಾಲ ಮೇಲೆ ಕೈ ಊರಿ ಎದ್ದಳು. ಗೂಟಕ್ಕಿದ್ದ ತನ್ನ ಸೀರೆಗಳನ್ನು ತೆಗೆದು ಮಡಿಚತೊಡಗಿದಳು. ಟೆಂಪೋ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಮಗನನ್ನು ಕೇಳಿದಳು. ಮನೋಹರ ಅವಳನ್ನೇ ನೋಡಿದ.

"ಯಾಕ ಹಂಗ ನೋಡ್ತೀಯಪ್ಪ? ಬಾಗಲಿಗೆ ಬರ್ತಾನ ಅಂತಿತ್ತು, ಬಂದ. ಕಾಲಿಗೆ ಬೀಳ್ತಿ ಅಂತಿತ್ತು, ಬಿದ್ದೆ. ಉಣ್ತಾನ ಅಂತಿತ್ತು, ಉಂಡ. ಹೇಳಿಕಿ ಮುಗೀತು. ಇನ್ನ ಯಾರಿಗೆ ಕಾಯ್ಲಿ?"

ಆಮೇಲೆ, ಅಷ್ಟು ವಾರಗಳಲ್ಲಿ ಮೊದಲ ಸಲ, ಸೊಸೆಯ ಮುಖ ನೋಡಿ ಮಾತಾಡಿದಳು. ಅದರಲ್ಲಿ ಸಿಟ್ಟಿರಲಿಲ್ಲ. ಗೊತ್ತಿದ್ದವರನ್ನು ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದಳು.

"ನಿಮ್ಮ ಯೇಸು ತಿರುಗಿ ಬರ್ತಾನ ಅಂತ ನಿಮ್ಮ ಪುಸ್ತಕದಾಗ ಹೇಳ್ಯಾರೇನು?"

"ಹೇಳ್ಯಾರ ಅತ್ತಿ," ಎಂದಳು ಶರಣಮ್ಮ.

"ಪುಣ್ಯವಂತರು ನೀವು. ನನಗ ಅಷ್ಟು ಹೇಳಲಿಲ್ಲವ್ವ ಆ ಜೋಗಮ್ಮ."

ಶರಣಮ್ಮ ಅತ್ತೆ ಸೀರೆ ಮಡಿಚಿ ಪೆಟ್ಟಿಗೆಗೆ ಹಾಕುವುದನ್ನು ನೋಡುತ್ತ ನಿಂತಳು. ಹೊರಗೆ ಟೆಂಪೋದ ಹಾರ್ನು ಕೇಳಿತು. ಮನೋಹರ ಎದ್ದ.

ಶರಣಮ್ಮ ಕೂತು ಗಂಟು ಬಿಚ್ಚಿದಳು. ಹಂಚು ತೆಗೆದು ಒಲೆಯ ಮೇಲಿಟ್ಟಳು. ಬೋಗುಣಿ, ತಾಟು, ತಂಬಿಗೆಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಜೋಡಿಸತೊಡಗಿದಳು. ಏನು ಮಾಡುತ್ತಿದ್ದೀ, ಗಾಡಿ ಬಂದಿದೆ ಎಂದು ಮನೋಹರ ಗಾಬರಿಯಿಂದ ಕೇಳಿದ. ನಿಗಡಿಯ ಮನೆಗಾಗಿ ಮೂರು ತಿಂಗಳು ಜೀವ ತಿಂದವಳು ಇವಳೇ ತಾನೇ?

"ಗಾಡಿ ಕಳಿಸ್ರಿ," ಎಂದಳು. "ಅತ್ತಿ, ಅವ್ರು ಇನ್ನೊಮ್ಮೆ ಬರ್ತಾರಂತ ನನಗೂ ಯಾರೂ ಹೇಳಿಲ್ಲ. ಆದ್ರ ಬಾಗಲಾ ಹಾಕಿದಾಕಿ ನಾ. ತಗಿಯಾಕ ನಾನ ಇಲ್ಲಿರಬೇಕು."

ಹುಲಿಗೆವ್ವ ಮಡಿಚುತ್ತಿದ್ದ ಸೀರೆಯನ್ನು ಹಿಡಿದುಕೊಂಡು ಹಾಗೇ ನಿಂತಳು. ಹೊರಗೆ ಟೆಂಪೋದವನು ಮರಾಠಿಯಲ್ಲಿ ಕೂಗುತ್ತಲೇ ಇದ್ದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.